ಕನ್ನಡ ಪುಸ್ತಕಗಳಿರುವ ಗ್ರಂಥಾಲಯಕ್ಕೆ ಕೋಹಾ ಹಾಕುವುದು ಹೇಗೆ?

ಕೋಹಾ ಅಂದರೆ ಗ್ರಂಥಾಲಯದ ಪುಸ್ತಕಪಟ್ಟಿ ಮತ್ತು ಇಶ್ಯೂ-ರಿಟರ್ನ್ ನೋಡಿಕೊಳ್ಳುವ ಓಪನ್ ಸೋರ್ಸ್ ಸಾಫ್ಟ್‌ವೇರ್. ಅದನ್ನು ಇನ್‌ಸ್ಟಾಲ್ ಮಾಡುವುದು ಒಂದು ದಿನದ ಕೆಲಸ. ಅದರೊಳಗೆ ಪುಸ್ತಕಗಳ ಮಾಹಿತಿಯನ್ನು ಸರಿಯಾಗಿ ತುಂಬುವುದು ತಿಂಗಳುಗಟ್ಟಲೆ ನಡೆಯುವ ಕೆಲಸ. ಆದರೆ ಎಷ್ಟೋ ಕಡೆ ಇದು ಉಲ್ಟಾ ಆಗುತ್ತದೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಪರಿಶೀಲನೆಯ ದಿನ ಹತ್ತಿರವಾಯಿತು ಅಂತ ಯಾರನ್ನೋ ಕರೆಸಿ ಸಾಫ್ಟ್‌ವೇರ್ ಹಾಕಿಸುತ್ತಾರೆ, ಇದ್ದ ಎಕ್ಸೆಲ್ ಫೈಲನ್ನು ಹಾಗೇ ಅದರೊಳಗೆ ಸುರಿಯುತ್ತಾರೆ, ಆಮೇಲೆ ವಿದ್ಯಾರ್ಥಿಯೊಬ್ಬ ಬಂದು ಕನ್ನಡದಲ್ಲಿ ಹೆಸರು ಟೈಪ್ ಮಾಡಿದರೆ ಏನೂ ಸಿಗುವುದಿಲ್ಲ. ಪುಸ್ತಕ ಕಪಾಟಿನಲ್ಲೇ ಇರುತ್ತದೆ. ದೂರು ಮಾತ್ರ ಸಾಫ್ಟ್‌ವೇರ್ ಮೇಲೆ.

ಆದ್ದರಿಂದ ಈ ಬರಹದಲ್ಲಿ ಇನ್‌ಸ್ಟಾಲ್ ಬಗ್ಗೆ ಕಡಿಮೆ, ಕನ್ನಡ ಮಾಹಿತಿಯ ಬಗ್ಗೆ ಜಾಸ್ತಿ ಹೇಳುತ್ತೇನೆ. ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜಿನಲ್ಲಿ ಒಬ್ಬರೇ ಗ್ರಂಥಪಾಲಕರಾಗಿ ಕೆಲಸ ಮಾಡುತ್ತಿರುವವರು, ಊರಿನ ವಾಚನಾಲಯ ನೋಡಿಕೊಳ್ಳುವವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹೊರನಾಡಿನ ಕನ್ನಡ ಸಂಘದಲ್ಲಿ ಎರಡು ಬೀರು ಪುಸ್ತಕ ಇಟ್ಟುಕೊಂಡಿದ್ದೀರಾ? ಹಾಗಾದರೆ ನಿಮಗೆ ಕೋಹಾ ಬೇಡ, ಒಂದು ಅಚ್ಚುಕಟ್ಟಾದ ಸ್ಪ್ರೆಡ್‌ಶೀಟ್ ಸಾಕು. ಆದರೆ ಮಾಹಿತಿ ಶುದ್ಧ ಮಾಡುವ ಭಾಗವನ್ನು ನೀವೂ ಓದಿ.

ಯಾಕೆ ಕೋಹಾ

1999ರಲ್ಲಿ ನ್ಯೂಜಿಲೆಂಡಿನ ಹೊರೊಫೆನುವಾ ಲೈಬ್ರರಿ ಟ್ರಸ್ಟ್ ಎಂಬ ಸಣ್ಣ ಸಂಸ್ಥೆಗೆ ಒಂದು ಕಷ್ಟ ಬಂತು. ಅವರ ಹಳೆಯ ಸಾಫ್ಟ್‌ವೇರ್ 2000ನೇ ಇಸವಿ ದಾಟುವ ಹಾಗಿರಲಿಲ್ಲ. ಹೊಸದನ್ನು ಕೊಳ್ಳುವ ಬದಲು ಕಟಿಪೋ ಕಮ್ಯುನಿಕೇಷನ್ಸ್ ಎಂಬ ಕಂಪನಿಯಿಂದ ಬರೆಸಿದರು. 2000ದ ಜನವರಿಯಲ್ಲಿ ಅದು ಕೆಲಸ ಶುರು ಮಾಡಿತು. ಅದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಜಿಪಿಎಲ್ ಲೈಸೆನ್ಸ್ ಅಡಿಯಲ್ಲಿ ಎಲ್ಲರಿಗೂ ಬಿಟ್ಟರು. ಗ್ರಂಥಾಲಯದ ಕೆಲಸ ಗೊತ್ತಿದ್ದವರು ಗ್ರಂಥಾಲಯಕ್ಕೆಂದೇ ಮಾಡಿಸಿದ್ದು ಅದು. ಇವತ್ತಿಗೂ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ, ಹೊಸ ಆವೃತ್ತಿ ಬರುತ್ತದೆ. ಆವೃತ್ತಿಯ ನಂಬರಿನಲ್ಲೇ ಅದು ಗೊತ್ತಾಗುತ್ತದೆ: 24.11 ಅಂದರೆ 2024ರ ನವೆಂಬರ್.

ಉಚಿತ ಬೇರೆ, ಓಪನ್ ಸೋರ್ಸ್ ಬೇರೆ. ಕೇಂದ್ರ ಸರ್ಕಾರದ ಎನ್‌ಐಸಿ ಮಾಡಿದ ಇ-ಗ್ರಂಥಾಲಯ ಎಂಬ ಸಾಫ್ಟ್‌ವೇರ್ ಸರ್ಕಾರಿ ಗ್ರಂಥಾಲಯಗಳಿಗೆ ದುಡ್ಡಿಲ್ಲದೆ ಸಿಗುತ್ತದೆ, ಆದರೆ ಅದರ ಸೋರ್ಸ್ ಕೋಡ್, ಅಂದರೆ ನೋಡಿ ತಿದ್ದಬಹುದಾದ ಮೂಲ ಬರಹ, ನಿಮ್ಮ ಕೈಗೆ ಬರುವುದಿಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಸೋಲ್ ಎಂಬ ಸಾಫ್ಟ್‌ವೇರ್ ಕೂಡ ಎಷ್ಟೋ ಕಾಲೇಜುಗಳಲ್ಲಿದೆ, ಅದೂ ಓಪನ್ ಸೋರ್ಸ್ ಅಲ್ಲ. ಇವು ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ನಿಮ್ಮಲ್ಲಿ ಅದು ಚೆನ್ನಾಗಿ ನಡೆಯುತ್ತಿದ್ದರೆ ಸುಮ್ನೆ ಬದಲಾಯಿಸಬೇಡಿ. ಆದರೆ ಕೋಹಾದಲ್ಲಿ ಒಂದು ಕಂಪನಿ ಮುಚ್ಚಿಹೋದರೆ ಇನ್ನೊಬ್ಬರನ್ನು ಕರೆಯಬಹುದು. ಮಾಹಿತಿಯನ್ನು ಯಾವಾಗ ಬೇಕಾದರೂ ಪೂರ್ತಿ ಹೊರಗೆ ತೆಗೆಯಬಹುದು. ಕನ್ನಡದ ಹುಡುಕಾಟ ಸರಿಯಿಲ್ಲ ಅನಿಸಿದರೆ ನಾವೇ ಸರಿ ಮಾಡಿಕೊಳ್ಳಬಹುದು. ನನಗೆ ಮೂರನೆಯದೇ ದೊಡ್ಡದು.

ಇನ್ನೊಂದು ವಿಷಯ. ಕೋಹಾ ಇರುವುದು ಪುಸ್ತಕದ ಕ್ಯಾಟಲಾಗ್ ಮತ್ತು ಇಶ್ಯೂ-ರಿಟರ್ನ್‌ಗೆ. ಪ್ರಬಂಧ, ಹಳೆ ಪ್ರಶ್ನೆಪತ್ರಿಕೆ, ಅಧ್ಯಾಪಕರ ಲೇಖನಗಳ ಪಿಡಿಎಫ್ ಇಡಲು ಡಿಸ್ಪೇಸ್ ಅಥವಾ ಇಪ್ರಿಂಟ್ಸ್ ಎಂಬ ಬೇರೆ ಸಾಫ್ಟ್‌ವೇರ್ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಇಪ್ರಿಂಟ್ಸ್ ಬಳಸಿ ತನ್ನ ಸಂಶೋಧನಾ ಲೇಖನಗಳ ಭಂಡಾರ ತೆರೆಯಿತು, ದೇಶದಲ್ಲೇ ಮೊದಲನೆಯದು ಅದು. ಎರಡನ್ನೂ ಒಂದೇ ಸಲ ಶುರು ಮಾಡಬೇಡಿ. ಮೊದಲು ಪುಸ್ತಕ.

ಕಂಪ್ಯೂಟರ್ ಮುಟ್ಟುವ ಮೊದಲು

ಒಂದು ಹಾಳೆ ತಗೊಂಡು ನಾಲ್ಕು ತೀರ್ಮಾನಗಳನ್ನು ಬರೆದಿಡಿ. ಬಾರ್‌ಕೋಡ್‌ಗೆ ಯಾವ ನಂಬರು? ಆಕ್ಸೆಷನ್ ನಂಬರನ್ನೇ (ರಿಜಿಸ್ಟರಿನಲ್ಲಿ ಪ್ರತಿ ಪುಸ್ತಕಕ್ಕೂ ಬರೆಯುವ ಕ್ರಮಸಂಖ್ಯೆ) ಬಾರ್‌ಕೋಡ್ ಮಾಡುವುದು ಸುಲಭ, ಆದರೆ ಬುಕ್ ಬ್ಯಾಂಕ್, ದಾನದ ಪುಸ್ತಕ ಅಂತ ಬೇರೆ ಬೇರೆ ರಿಜಿಸ್ಟರ್ ಇದ್ದರೆ ಒಂದೇ ನಂಬರು ಎರಡು ಪುಸ್ತಕಕ್ಕೆ ಬಿದ್ದಿರುತ್ತದೆ, ಕೋಹಾ ಅದನ್ನು ಒಪ್ಪುವುದಿಲ್ಲ. ಹಾಗಿದ್ದರೆ ಮುಂದೆ ಒಂದೊಂದು ಅಕ್ಷರ ಸೇರಿಸಿ. ಎರಡನೆಯದು, ವರ್ಗೀಕರಣ, ಅಂದರೆ ವಿಷಯದ ಪ್ರಕಾರ ಪುಸ್ತಕಕ್ಕೆ ನಂಬರು ಕೊಡುವ ಪದ್ಧತಿ. ಡ್ಯೂಯಿ ಇದೆಯೋ, ಕೋಲನ್ ಇದೆಯೋ, ಇರುವುದನ್ನೇ ಮುಂದುವರಿಸಿ. ಮೂರನೆಯದು, ಯಾವ ಬಗೆಯ ಪುಸ್ತಕ ಹೊರಗೆ ಹೋಗುತ್ತದೆ, ಯಾವುದು ಅಲ್ಲೇ ಕೂತು ಓದುವುದು.

ನಾಲ್ಕನೆಯದು ಲಿಪಿ. ಇದರಲ್ಲಿ ನನ್ನ ಅಭಿಪ್ರಾಯ ಖಚಿತ: ಕನ್ನಡ ಪುಸ್ತಕದ ಹೆಸರು, ಲೇಖಕರ ಹೆಸರು, ಪ್ರಕಾಶಕರ ಹೆಸರು ಕನ್ನಡ ಲಿಪಿಯಲ್ಲೇ ಇರಬೇಕು. ಟೈಪಿಂಗ್ ಸುಲಭ ಅಂತ ರೋಮನ್ ಅಕ್ಷರದಲ್ಲಿ ತುಂಬಿದರೆ ಒಬ್ಬರು ಒಂದು ಸ್ಪೆಲಿಂಗ್, ಇನ್ನೊಬ್ಬರು ಇನ್ನೊಂದು. ದೀರ್ಘ ಇದೆಯೋ ಹ್ರಸ್ವ ಇದೆಯೋ, ಅಲ್ಪಪ್ರಾಣವೋ ಮಹಾಪ್ರಾಣವೋ ಗೊತ್ತೇ ಆಗುವುದಿಲ್ಲ, ಓದುಗ ಯಾವ ಸ್ಪೆಲಿಂಗ್‌ನಲ್ಲಿ ಹುಡುಕಬೇಕು ಅಂತ ಊಹಿಸುತ್ತಾ ಕೂರಬೇಕು. ರೋಮನ್ ರೂಪವೂ ಬೇಕಿದ್ದರೆ ಅದಕ್ಕೆ ಮಾರ್ಕ್ 21ರಲ್ಲಿ (ಪುಸ್ತಕದ ಒಂದೊಂದು ವಿವರವನ್ನು ಒಂದೊಂದು ನಂಬರಿನ ಫೀಲ್ಡ್‌ನಲ್ಲಿ ಬರೆಯುವ ಗ್ರಂಥಾಲಯಗಳ ಪದ್ಧತಿ ಇದು) 246ನೇ ಫೀಲ್ಡ್ ಇದೆ, ಪರ್ಯಾಯ ಶೀರ್ಷಿಕೆ ಅಂತ ಅಲ್ಲಿ ಹಾಕಿ. ಮುಖ್ಯ ಶೀರ್ಷಿಕೆಯ 245ರಲ್ಲಿ ಕನ್ನಡವೇ ಇರಲಿ.

ಮಾಹಿತಿ ಶುದ್ಧ ಮಾಡುವುದು

ಇಲ್ಲಿಂದ ನಿಜವಾದ ಕೆಲಸ ಶುರು. ನಿಮ್ಮ ಹತ್ತಿರ ಈಗಾಗಲೇ ಎಕ್ಸೆಲ್ ಫೈಲ್ ಇದೆ ಅಂದುಕೊಳ್ಳೋಣ. ಮೊದಲು ಅದರ ಒಂದು ಪ್ರತಿ ತೆಗೆದು ಬೇರೆ ಕಡೆ ಇಡಿ, ಮೂಲವನ್ನು ಮುಟ್ಟಬೇಡಿ.

ಮೊದಲ ಪರೀಕ್ಷೆ: ಕನ್ನಡ ಇರುವ ಕಾಲಂ ಆಯ್ಕೆ ಮಾಡಿ, ಫಾಂಟನ್ನು ತುಂಗಾ ಅಥವಾ ನೋಟೋ ಸಾನ್ಸ್ ಕನ್ನಡಕ್ಕೆ ಬದಲಾಯಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಎಲ್ಲ ಕಂಪ್ಯೂಟರುಗಳು ಒಪ್ಪಿದ ಸಂಕೇತ), ನೆಮ್ಮದಿಯಿಂದ ಮುಂದೆ ಹೋಗಿ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕನ್ನಡವಲ್ಲ. ಅದನ್ನು ಹಾಗೇ ಕೋಹಾಕ್ಕೆ ಹಾಕಿದರೆ ಯಾರಿಗೂ ಓದಲು ಆಗುವುದಿಲ್ಲ.

ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರುಗಳು ಉಚಿತವಾಗಿ ಸಿಗುತ್ತವೆ, ಓಪನ್ ಸೋರ್ಸ್ ಆದವೂ ಇವೆ. ಆದರೆ ಒಂದು ಎಚ್ಚರಿಕೆ. ನುಡಿ ಫಾಂಟಿನ ಕನ್ನಡವೂ ಒಳಗೆ ರೋಮನ್ ಅಕ್ಷರಗಳೇ ಆದ್ದರಿಂದ ಕನ್ವರ್ಟರಿಗೆ ಕನ್ನಡ ಯಾವುದು, ನಿಜವಾದ ಇಂಗ್ಲಿಷ್ ಯಾವುದು ಅಂತ ತಿಳಿಯುವುದಿಲ್ಲ, ಅದು ಇಂಗ್ಲಿಷ್ ಪುಸ್ತಕದ ಹೆಸರನ್ನೂ ಹಿಡಿದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಆದ್ದರಿಂದ ಮೊದಲು ಭಾಷೆ ಅಂತ ಒಂದು ಕಾಲಂ ಮಾಡಿ, ಕನ್ನಡ ಪುಸ್ತಕಗಳ ಸಾಲುಗಳನ್ನು ಬೇರೆ ಹಾಳೆಗೆ ತೆಗೆದು, ಅಷ್ಟನ್ನು ಮಾತ್ರ ಬದಲಾಯಿಸಿ. ಆ ಸಾಲುಗಳಲ್ಲೂ ಐಎಸ್‌ಬಿಎನ್, ಕಾಲ್ ನಂಬರ್ (ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ನಂಬರು), ಬೆಲೆಯ ಕಾಲಂಗಳನ್ನು ಕನ್ವರ್ಟರಿಗೆ ಕೊಡಬೇಡಿ. ಬದಲಾದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ. ತಪ್ಪುಗಳು ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತವೆ.

ಯೂನಿಕೋಡ್ ಆದ ಮೇಲೂ ಕೆಲಸ ಮುಗಿಯುವುದಿಲ್ಲ. ಕನ್ನಡದಲ್ಲಿ ಕಣ್ಣಿಗೆ ಕಾಣದ ಎರಡು ಅಕ್ಷರಗಳಿವೆ, ಒಂದು ಅಕ್ಷರಗಳನ್ನು ಬೇರೆಯಾಗಿ ಇಡಲು, ಇನ್ನೊಂದು ಸೇರಿಸಲು. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ಟ ಒತ್ತಿನ ಕೆಳಗೆ ವ ಹೋಗದಂತೆ ತಡೆಯುವುದು ಮೊದಲನೆಯದು. ‘ರ‍್ಯಾಂಕ್’ ಎಂಬಲ್ಲಿ ರ ಅರ್ಕಾವತ್ತಾಗಿ ಬಲಕ್ಕೆ ಜಾರದಂತೆ ಹಿಡಿಯುವುದು ಎರಡನೆಯದು. ಟೈಪ್ ಮಾಡಿದ ಒಬ್ಬರು ಇವನ್ನು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಓಕಾರದಂಥ ಸ್ವರಚಿಹ್ನೆಯನ್ನೂ ಕೆಲವರು ಒಂದೇ ಸಂಕೇತವಾಗಿ, ಕೆಲವರು ಎರಡು ಮೂರು ತುಂಡಾಗಿ ಹೊಡೆದಿರುತ್ತಾರೆ. ನೋಡಲು ಎರಡೂ ಒಂದೇ, ಹುಡುಕಿದರೆ ಬೇರೆ ಬೇರೆ. ಇದಕ್ಕೆ ಪರಿಹಾರ, ಇಡೀ ಫೈಲನ್ನು ಎನ್‌ಎಫ್‌ಸಿ ಎಂಬ ಒಂದೇ ಯೂನಿಕೋಡ್ ರೂಪಕ್ಕೆ ತರುವುದು. ಕಾಣದ ಅಕ್ಷರಗಳನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತ ಒಂದು ನಿಯಮ ಮಾಡಿಕೊಳ್ಳುವುದು. ಸ್ವಲ್ಪ ಪೈಥಾನ್ ಬರುವ ವಿದ್ಯಾರ್ಥಿ ನಿಮ್ಮ ಕಾಲೇಜಿನಲ್ಲೇ ಇದ್ದರೆ ಸಂಜೆಯೊಳಗೆ ಮಾಡಿಕೊಡುತ್ತಾರೆ.

ಹೆಸರುಗಳ ಗೊಂದಲಕ್ಕೆ ಓಪನ್‌ರಿಫೈನ್ ಬಳಸಿ. ಇದೂ ಓಪನ್ ಸೋರ್ಸ್, ನಿಮ್ಮ ಕಂಪ್ಯೂಟರಿನಲ್ಲೇ ಬ್ರೌಸರ್ ಮೂಲಕ ನಡೆಯುತ್ತದೆ. ಲೇಖಕರ ಕಾಲಂ ಮೇಲೆ ಕ್ಲಸ್ಟರ್ ಅಂತ ಒತ್ತಿದರೆ ಚುಕ್ಕೆ, ಖಾಲಿ ಜಾಗ, ಹೆಸರಿನ ಹಿಂದುಮುಂದು ಇಷ್ಟರಿಂದಲೇ ಬೇರೆಯಾದ ಹೆಸರುಗಳನ್ನು ಗುಂಪು ಮಾಡಿ ತೋರಿಸುತ್ತದೆ. ‘ಬೇಂದ್ರೆ, ದ.ರಾ.’ ಮತ್ತು ‘ಬೇಂದ್ರೆ ದ.ರಾ’ ಒಂದೇ ಕ್ಲಿಕ್‌ನಲ್ಲಿ ಒಂದಾಗುತ್ತವೆ. ಆದರೆ ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ ಒಬ್ಬರೇ, ಬೇಂದ್ರೆ ಮತ್ತು ಅಂಬಿಕಾತನಯದತ್ತ ಒಬ್ಬರೇ ಅಂತ ಯಾವ ಯಂತ್ರಕ್ಕೂ ಗೊತ್ತಿಲ್ಲ, ಅದು ನಿಮಗೆ ಗೊತ್ತು. ಅಂಥ ಹೆಸರುಗಳ ಪಟ್ಟಿ ಮಾಡಿಟ್ಟುಕೊಳ್ಳಿ. ಆಮೇಲೆ ಕೋಹಾದಲ್ಲಿ ಆ ಲೇಖಕರಿಗೆ ಅಥಾರಿಟಿ ದಾಖಲೆ ಮಾಡಿ, 100ರಲ್ಲಿ ಒಪ್ಪಿತ ಹೆಸರು, 400ರಲ್ಲಿ ಬೇರೆ ಹೆಸರುಗಳು ಅಂತ ಬರೆದರೆ, ಯಾವ ಹೆಸರಿನಲ್ಲಿ ಹುಡುಕಿ ಬಂದವರಿಗೂ ದಾರಿ ಸಿಗುತ್ತದೆ. ಕಾವ್ಯನಾಮ ಇಷ್ಟೊಂದು ಇರುವ ಸಾಹಿತ್ಯ ನಮ್ಮದು, ಈ ಕೆಲಸವನ್ನು ನಮ್ಮ ಗ್ರಂಥಪಾಲಕರಲ್ಲದೆ ಬೇರೆ ಯಾರು ಮಾಡಬೇಕು?

ಎಕ್ಸೆಲ್‌ನ ಇನ್ನೆರಡು ಕಾಟ. ಆಕ್ಸೆಷನ್ ನಂಬರಿನ ಮುಂದಿನ ಸೊನ್ನೆಗಳನ್ನು ಅದು ನುಂಗುತ್ತದೆ, 13 ಅಂಕಿಯ ಐಎಸ್‌ಬಿಎನ್ ಅನ್ನು ಗಣಿತದ ಘಾತ ಸಂಖ್ಯೆ ಮಾಡುತ್ತದೆ. ಆ ಕಾಲಂಗಳನ್ನು ಮೊದಲೇ ಟೆಕ್ಸ್ಟ್ ಅಂತ ಬದಲಾಯಿಸಿ. ಫೈಲನ್ನು ಸಿಎಸ್‌ವಿ (ಕಾಲಂಗಳ ನಡುವೆ ಅಲ್ಪವಿರಾಮ ಇರುವ ಸರಳ ಪಠ್ಯ) ಮಾಡುವಾಗ ಯುಟಿಎಫ್-8 ಅಂತ ಬರೆದಿರುವ ಆಯ್ಕೆಯನ್ನೇ ಒತ್ತಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಲಿಬ್ರೆಆಫೀಸ್ ಕ್ಯಾಲ್ಕ್ ಈ ವಿಷಯದಲ್ಲಿ ಒಳ್ಳೆಯದು, ಉಳಿಸುವಾಗ ನೇರವಾಗಿ ಕೇಳುತ್ತದೆ.

ಸಾಫ್ಟ್‌ವೇರ್ ಹಾಕುವುದು

4 ಜಿಬಿ ರ‍್ಯಾಮ್ ಇರುವ ಒಂದು ಮಾಮೂಲಿ ಕಂಪ್ಯೂಟರ್ ಕಲಿಯಲು ಸಾಕು. ದಿನನಿತ್ಯದ ಬಳಕೆಗೆ 8 ಜಿಬಿ, ಎಸ್‌ಎಸ್‌ಡಿ, ಒಂದು ಯುಪಿಎಸ್ ಇರಲಿ. ಅದರಲ್ಲಿ ಡೆಬಿಯನ್ ಲಿನಕ್ಸ್ ಅಥವಾ ಉಬುಂಟು ಲಿನಕ್ಸ್‌ನ ದೀರ್ಘಾವಧಿ ಆವೃತ್ತಿ ಹಾಕಿ. ಆದೇಶಗಳನ್ನು ಕೋಹಾ ಸಮುದಾಯದ ವಿಕಿಯಿಂದಲೇ ನಕಲು ಮಾಡಿ, ಹಳೆಯ ವಿಡಿಯೋ ನೋಡಿ ಟೈಪ್ ಮಾಡಬೇಡಿ, ಆವೃತ್ತಿ ಬದಲಾದಂತೆ ಅವೂ ಬದಲಾಗುತ್ತವೆ. ಯಾವ ಹಂತದಲ್ಲಿ ಏನಾಗುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲು ಕೋಹಾ ಸಮುದಾಯದ ಪ್ಯಾಕೇಜ್ ವಿಳಾಸವನ್ನು ಸಿಸ್ಟಮ್‌ಗೆ ಸೇರಿಸಿ, ಕೋಹಾ-ಕಾಮನ್ ಎಂಬ ಪ್ಯಾಕೇಜ್ ಮತ್ತು ಮರಿಯಾಡಿಬಿ ಎಂಬ ಡೇಟಾಬೇಸ್ ಹಾಕಬೇಕು. ಆಮೇಲೆ ಕೋಹಾ-ಸೈಟ್ಸ್ ಎಂಬ ಕಡತದಲ್ಲಿ ಸಿಬ್ಬಂದಿಯ ಪುಟ ಯಾವ ಪೋರ್ಟಿನಲ್ಲಿ ತೆರೆಯಬೇಕು ಅಂತ ಬರೆಯಬೇಕು, 8080 ರೂಢಿ. ಅಪಾಚೆ ಎಂಬ ವೆಬ್ ಸರ್ವರ್‌ನ ಕೆಲವು ಮಾಡ್ಯೂಲ್‌ಗಳನ್ನು ಚಾಲೂ ಮಾಡಿ, ಕೋಹಾ-ಕ್ರಿಯೇಟ್ ಎಂಬ ಆದೇಶದಿಂದ ನಿಮ್ಮ ಗ್ರಂಥಾಲಯದ ಹೆಸರಿನ ಒಂದು ಇನ್‌ಸ್ಟನ್ಸ್ (ನಿಮ್ಮದೇ ಪ್ರತ್ಯೇಕ ಕೋಹಾ) ಹುಟ್ಟಿಸಿ, ವೇಗಕ್ಕೆ ಪ್ಲ್ಯಾಕ್ ಎಂಬುದನ್ನು ಚಾಲೂ ಮಾಡಿ. ಬ್ರೌಸರಿನಲ್ಲಿ ಸಿಬ್ಬಂದಿ ಪುಟ ತೆರೆದರೆ ಸೆಟಪ್ ಪ್ರಶ್ನೆಗಳು ಬರುತ್ತವೆ. ದಾಖಲೆಯ ಪದ್ಧತಿ ಮಾರ್ಕ್ 21 ಅಥವಾ ಯೂನಿಮಾರ್ಕ್ ಅಂತ ಕೇಳಿದಾಗ ಮಾರ್ಕ್ 21 ಆರಿಸಿ. ಆ ಮೊದಲ ಲಾಗಿನ್ ಡೇಟಾಬೇಸ್‌ನದು. ದಿನದ ಕೆಲಸಕ್ಕೆ ಅದನ್ನು ಬಳಸಲೇಬಾರದು, ಸೆಟಪ್ ಮುಗಿಯುವಾಗ ಅದೇ ಮಾಡಿಸುವ ನಿರ್ವಾಹಕ ಖಾತೆಯಲ್ಲಿ ಒಳಗೆ ಬನ್ನಿ.

ಇಂಟರ್‌ನೆಟ್ ಇಲ್ಲದ ಊರಾದರೂ ಚಿಂತೆಯಿಲ್ಲ. ಹಾಕುವಾಗ ಬೇಕು, ಆಮೇಲೆ ಕಾಲೇಜಿನ ಒಳಗಿನ ನೆಟ್‌ವರ್ಕ್‌ನಲ್ಲೇ ಎಲ್ಲ ನಡೆಯುತ್ತದೆ.

ಕನ್ನಡ ಹುಡುಕಾಟ

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಕೋಹಾದೊಳಗೆ ಹುಡುಕುವ ಕೆಲಸ ಮಾಡುವುದು ಜೀಬ್ರಾ ಎಂಬ ಇನ್ನೊಂದು ತಂತ್ರಾಂಶ. ಅದು ಬರುವಾಗ ರೋಮನ್ ಲಿಪಿಗೆ ಹೊಂದಿಸಿದ ಅಕ್ಷರಪಟ್ಟಿಯೊಂದಿಗೆ ಬರುತ್ತದೆ, ಕನ್ನಡದ ಗುಣಿತ ಒತ್ತಕ್ಷರ ಅದಕ್ಕೆ ಅರ್ಥವಾಗುವುದಿಲ್ಲ. ಜೀಬ್ರಾ ಫೋಲ್ಡರಿನ ಡಿಫಾಲ್ಟ್ ಐಡಿಎಕ್ಸ್ ಎಂಬ ಕಡತ ತೆರೆದು, ಪದಗಳಿಗೆ ಸಂಬಂಧಿಸಿದ ಜಾಗಗಳಲ್ಲಿ ಚಾರ್‌ಮ್ಯಾಪ್ ಅಂತ ಶುರುವಾಗುವ ಸಾಲನ್ನು ತೆಗೆದು ಐಸಿಯು (ಯೂನಿಕೋಡ್ ಲಿಪಿಗಳನ್ನು ನಿಭಾಯಿಸುವ ತಂತ್ರಾಂಶ) ಚೈನ್ ಸಾಲನ್ನು ಹಾಕಬೇಕು. ವಿಕಿಯಲ್ಲಿ ಐಸಿಯು ಅಂತ ಹುಡುಕಿದರೆ ನಿಖರವಾದ ಸಾಲು ಸಿಗುತ್ತದೆ. ಆಮೇಲೆ ಸೂಚಿಯನ್ನು ಪೂರ್ತಿ ಹೊಸದಾಗಿ ಕಟ್ಟಿಸಿ. ಸಿಸ್ಟಮ್ ಪ್ರಿಫರೆನ್ಸ್‌ಗಳಲ್ಲಿ ಯೂಸ್ ಐಸಿಯು ಸ್ಟೈಲ್ ಕೋಟ್ಸ್ ಎಂಬುದನ್ನೂ ಚಾಲೂ ಮಾಡಿ, ಇಲ್ಲದಿದ್ದರೆ ಪುಸ್ತಕದ ಪುಟದಲ್ಲಿ ವಿಷಯದ ಮೇಲೆ ಒತ್ತಿದಾಗ ಫಲಿತಾಂಶ ಬರುವುದಿಲ್ಲ. ಹೊರಗಿನವರಿಂದ ಕೋಹಾ ಹಾಕಿಸಿದ್ದೀರಾದರೆ ಇದನ್ನು ಮಾಡಿದ್ದಾರಾ ಅಂತ ಇವತ್ತೇ ಕೇಳಿ. ಹಾಕಿಕೊಡುವವರು ಪರೀಕ್ಷೆ ಮಾಡುವುದು ಬಹುತೇಕ ಇಂಗ್ಲಿಷ್ ಪುಸ್ತಕದಲ್ಲಿ.

ಇಷ್ಟಾದರೂ ಒಂದು ಮಿತಿ ಉಳಿಯುತ್ತದೆ. ನಮ್ಮ ಭಾಷೆಯಲ್ಲಿ ಪದಕ್ಕೆ ವಿಭಕ್ತಿ ಅಂಟಿಕೊಳ್ಳುತ್ತದೆ. ‘ಕಾಡು’ ಅಂತ ಹುಡುಕಿದವರಿಗೆ ‘ಕಾಡಿನ’ ಎಂದಿರುವ ಶೀರ್ಷಿಕೆ ಸಿಗುವುದಿಲ್ಲ, ಕೋಹಾಕ್ಕೆ ಕನ್ನಡ ವ್ಯಾಕರಣ ಬರುವುದಿಲ್ಲ. ಅದಕ್ಕೇ ವಿಷಯದ ಫೀಲ್ಡ್ 650 ಅನ್ನು ಖಾಲಿ ಬಿಡಬೇಡಿ ಅನ್ನುವುದು. ಅಲ್ಲಿ ‘ಕಾಡು’, ‘ಅರಣ್ಯ’ ಅಂತ ಮೂಲ ರೂಪದಲ್ಲಿ ಹಾಕಿದ್ದರೆ ಶೀರ್ಷಿಕೆ ಹೇಗಿದ್ದರೂ ಪುಸ್ತಕ ಸಿಗುತ್ತದೆ.

ಪುಸ್ತಕಗಳನ್ನು ಒಳಗೆ ತರುವುದು

ಶುದ್ಧವಾದ ಫೈಲನ್ನು ಮಾರ್ಕ್ ರೂಪಕ್ಕೆ ತರಲು ಮಾರ್ಕ್‌ಎಡಿಟ್ ಬಳಸಿ. ಅದು ಓಪನ್ ಸೋರ್ಸ್ ಅಲ್ಲ, ಆದರೆ ಉಚಿತ, ಮತ್ತು ಈ ಕೆಲಸಕ್ಕೆ ತುಂಬಾ ಒಳ್ಳೆಯದು. ಐಎಸ್‌ಬಿಎನ್ 020ಕ್ಕೆ, ಭಾಷೆ 041ಕ್ಕೆ, ಡ್ಯೂಯಿ ನಂಬರ್ 082ಕ್ಕೆ, ಲೇಖಕ 100ಕ್ಕೆ, ಶೀರ್ಷಿಕೆ 245ಕ್ಕೆ, ಪ್ರಕಾಶಕ 260ಕ್ಕೆ, ಪುಟಸಂಖ್ಯೆ 300ಕ್ಕೆ. ಪ್ರತಿಯೊಂದು ಪ್ರತಿಯ ವಿವರ ಇರುವುದು 952ರಲ್ಲಿ: ಪಿ ಉಪಫೀಲ್ಡ್ ಬಾರ್‌ಕೋಡ್, ಓ ಕಾಲ್ ನಂಬರ್, ಜಿ ಬೆಲೆ, ವೈ ಐಟಂ ಬಗೆ, ಎ ಮತ್ತು ಬಿ ಗ್ರಂಥಾಲಯದ ಸಂಕೇತ. ಈ ಸಂಕೇತಗಳನ್ನು ಕೋಹಾದಲ್ಲಿ ಮೊದಲೇ ಸೃಷ್ಟಿಸಿರಬೇಕು, ಒಂದಕ್ಷರ ವ್ಯತ್ಯಾಸವಾದರೂ ಆ ಪ್ರತಿ ಒಳಗೆ ಬರುವುದಿಲ್ಲ.

ಮಾರ್ಕ್‌ಎಡಿಟ್‌ನಲ್ಲಿ ಯುಟಿಎಫ್-8 ಗುರುತು ಹಾಕಿದ್ದೀರಾ ನೋಡಿ. ದಾಖಲೆಯ ಶುರುವಿನಲ್ಲಿರುವ ಲೀಡರ್ ಎಂಬ ಸಾಲಿನ 9ನೇ ಸ್ಥಾನದಲ್ಲಿ (ಎಣಿಕೆ ಸೊನ್ನೆಯಿಂದ ಶುರು) ಇಂಗ್ಲಿಷಿನ ಸಣ್ಣ ಎ ಅಕ್ಷರ ಇರಬೇಕು, ಇದು ಯೂನಿಕೋಡ್ ಎಂದು ಹೇಳುವ ಗುರುತು. ಅದಿಲ್ಲದೆ ಬಂದ ಕನ್ನಡ ಕೆಟ್ಟುಹೋಗುತ್ತದೆ.

ಮೊದಲು 20 ಪುಸ್ತಕ ಮಾತ್ರ ತನ್ನಿ. ಅವುಗಳಲ್ಲಿ ಎರಡು ಭಾಷೆ, ಒಂದೇ ಪುಸ್ತಕದ ಹಲವು ಪ್ರತಿ, ಸಂಪಾದಿತ ಕೃತಿ, ಅನುವಾದ, ನಿಘಂಟು ಎಲ್ಲವೂ ಇರಲಿ. ಸ್ಟೇಜ್ ಮಾಡಿ (ಕೋಹಾದಲ್ಲಿ ತಾತ್ಕಾಲಿಕವಾಗಿ ತಂದಿಟ್ಟು), ನೋಡಿ, ಆಮೇಲೆ ಕ್ಯಾಟಲಾಗಿಗೆ ಸೇರಿಸಿ, ಓಪ್ಯಾಕ್‌ನಲ್ಲಿ, ಅಂದರೆ ಓದುಗರು ಪುಸ್ತಕ ಹುಡುಕುವ ಪುಟದಲ್ಲಿ, ಕನ್ನಡದಲ್ಲಿ ಹುಡುಕಿ. ಸರಿಯಿಲ್ಲದಿದ್ದರೆ ಆ ಇಡೀ ಕಂತನ್ನು ಹಿಂದಕ್ಕೆ ಪಡೆಯುವ ಬಟನ್ ಅಲ್ಲೇ ಇದೆ. ಸರಿ ಬಂದ ಮೇಲೆ ಉಳಿದದ್ದನ್ನು ಕಂತು ಕಂತಾಗಿ ತನ್ನಿ.

ಎಕ್ಸೆಲ್ ಇಲ್ಲ, ರಿಜಿಸ್ಟರ್ ಮಾತ್ರ ಇದೆ ಅನ್ನುವವರು ನೇರವಾಗಿ ಕೋಹಾದಲ್ಲೇ ಟೈಪ್ ಮಾಡಿ. ಇಂಗ್ಲಿಷ್ ಪುಸ್ತಕಗಳಿಗೆ ಬೇರೆ ಗ್ರಂಥಾಲಯಗಳ ದಾಖಲೆ ಎಳೆದುಕೊಳ್ಳುವ ಜಡ್ 39.50 ಎಂಬ ವ್ಯವಸ್ಥೆಯ ಮೂಲಕ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ದಾಖಲೆಗಳನ್ನು ತಂದುಕೊಳ್ಳಬಹುದು, ಸಮಯ ಬಹಳ ಉಳಿಯುತ್ತದೆ. ಕನ್ನಡ ಪುಸ್ತಕಗಳೂ ಅಲ್ಲಿ ಸಾಕಷ್ಟಿವೆ, ಆದರೆ ಹೆಚ್ಚಾಗಿ ರೋಮನ್ ಲಿಪಿಯಲ್ಲಿ. ತಂದ ಮೇಲೆ 245ರಲ್ಲಿ ಕನ್ನಡ ಟೈಪ್ ಮಾಡಿ, ರೋಮನ್ ರೂಪವನ್ನು 246ಕ್ಕೆ ಸರಿಸಿ.

ಓಡಿಸಲು ಶುರು ಮಾಡಿದ ಮೇಲೆ

ಸದಸ್ಯರ ವರ್ಗ ಮತ್ತು ಪುಸ್ತಕದ ಬಗೆ, ಈ ಎರಡರ ಪ್ರತಿ ಜೋಡಿಗೂ ಎರವಲಿನ ನಿಯಮ ಬೇಕು. ನಿಯಮವೇ ಇಲ್ಲದ ಜೋಡಿಗೆ ಕೋಹಾ ಪುಸ್ತಕ ಕೊಡಲು ಒಪ್ಪುವುದಿಲ್ಲ. ಕ್ಯಾಲೆಂಡರಿನಲ್ಲಿ ಭಾನುವಾರ, ಹಬ್ಬದ ರಜೆ ಹಾಕಿ, ಇಲ್ಲದಿದ್ದರೆ ದಸರಾ ರಜೆಗೂ ದಂಡ ಬೀಳುತ್ತದೆ. ಬಾರ್‌ಕೋಡ್ ಚೀಟಿಯನ್ನು ಕೋಹಾದಿಂದಲೇ ಮುದ್ರಿಸಬಹುದು, ಆದರೆ ಚೀಟಿಯ ಮೇಲೆ ಕನ್ನಡ ಹೆಸರೂ ಬೇಕೆಂದರೆ ಮೊದಲು ಒಂದು ಹಾಳೆ ತೆಗೆದು ಒತ್ತಕ್ಷರ ಸರಿ ಬಂದಿದೆಯೇ ನೋಡಿ. ಬರದಿದ್ದರೆ ಲಿಬ್ರೆಆಫೀಸ್‌ನಲ್ಲಿ ಮಾಡಿಕೊಳ್ಳಿ. ಶುರುವಿನ ಒಂದು ತಿಂಗಳು ಹಳೆಯ ಇಶ್ಯೂ ರಿಜಿಸ್ಟರನ್ನೂ ಜೊತೆಗೆ ಇಟ್ಟುಕೊಳ್ಳಿ. ಕರೆಂಟ್ ಹೋದ ದಿನಕ್ಕೆ ಅದು ಯಾವಾಗಲೂ ಬೇಕು.

ಯಾರು ಯಾವ ಪುಸ್ತಕ ಓದಿದರು ಅನ್ನುವುದು ಅವರ ಸ್ವಂತ ವಿಷಯ. ಹಿಂದಿರುಗಿಸಿದ ಮೇಲೆ ಆ ಇತಿಹಾಸ ಇಟ್ಟುಕೊಳ್ಳದಿರುವ ಆಯ್ಕೆ ಕೋಹಾದಲ್ಲಿದೆ, ಅದನ್ನು ಬಳಸಿ. ಓಪ್ಯಾಕ್ ಅನ್ನು ಇಂಟರ್‌ನೆಟ್‌ಗೆ ಬಿಟ್ಟರೂ ಸಿಬ್ಬಂದಿಯ ಪುಟವನ್ನು ಬಿಡಬೇಡಿ.

ಕೋಹಾ ಪ್ಯಾಕೇಜ್ ಪ್ರತಿದಿನ ತಾನಾಗಿಯೇ ಬ್ಯಾಕಪ್ ತೆಗೆಯುತ್ತದೆ. ಆದರೆ ಅದೇ ಕಂಪ್ಯೂಟರಿನಲ್ಲಿ, ಅದೂ ಇತ್ತೀಚಿನ ಎರಡು ದಿನದ್ದು ಮಾತ್ರ. ಡಿಸ್ಕ್ ಹೋದರೆ ಎರಡೂ ಹೋದವು. ವಾರಕ್ಕೊಮ್ಮೆಯಾದರೂ ಬೇರೆ ಡಿಸ್ಕಿಗೆ ನಕಲು ಮಾಡಿ, ಅದು ಇನ್ನೊಂದು ಕಟ್ಟಡದಲ್ಲಿ ಇರಲಿ. ವರ್ಷಕ್ಕೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ಮರಳಿ ಹಾಕಿ ನೋಡಿ. ತೆರೆದು ನೋಡದ ಬ್ಯಾಕಪ್ ಮೇಲೆ ನಂಬಿಕೆ ಇಡಬೇಡಿ.

ಹೊರಗಿನ ಸಹಾಯ ತಗೊಳ್ಳುವುದರಲ್ಲಿ ತಪ್ಪಿಲ್ಲ. ಸಾಫ್ಟ್‌ವೇರಿಗೆ ದುಡ್ಡಿಲ್ಲ, ಕೆಲಸ ಮಾಡುವವರಿಗೆ ದುಡ್ಡು ಕೊಡಬೇಕಲ್ವಾ? ಆದರೆ ಒಪ್ಪಂದದಲ್ಲಿ ಇವು ಬರಹದಲ್ಲಿ ಇರಲೇಬೇಕು: ಸರ್ವರ್‌ನ ರೂಟ್ ಪಾಸ್‌ವರ್ಡ್ ಗ್ರಂಥಾಲಯಕ್ಕೆ ಸೇರಿದ್ದು, ಕೇಳಿದಾಗ ಪೂರ್ತಿ ಡೇಟಾಬೇಸ್ ಮತ್ತು ಮಾರ್ಕ್ ಕಡತ ಕೊಡಬೇಕು, ಕನ್ನಡದಲ್ಲಿ ಹುಡುಕಿ ತೋರಿಸಿದ ಮೇಲೆಯೇ ಕೊನೆಯ ಕಂತು. ಓಪನ್ ಸೋರ್ಸ್ ಹಾಕಿಸಿಕೊಂಡು ಪಾಸ್‌ವರ್ಡ್ ಬೇರೆಯವರ ಕೈಯಲ್ಲಿ ಬಿಟ್ಟರೆ ಮೊದಲಿನ ಸ್ಥಿತಿಗೇ ವಾಪಸ್ ಬಂದಂತೆ. ನೀವು ವರ್ಗವಾಗಿ ಹೋಗುವಾಗ ಮುಂದಿನವರಿಗೆ ಕೊಡಲು ಎಲ್ಲ ತೀರ್ಮಾನ, ಪಾಸ್‌ವರ್ಡ್, ಬದಲಾಯಿಸಿದ ಸೆಟ್ಟಿಂಗ್ ಬರೆದ ಒಂದು ನೋಟ್‌ಬುಕ್ ಬೀರುವಿನಲ್ಲಿ ಇಡಿ.

ಕೊನೆಯದಾಗಿ ಪರದೆಯ ಭಾಷೆ. ಕೋಹಾದ ಮೆನು, ಬಟನ್‌ಗಳನ್ನು ಕನ್ನಡದಲ್ಲಿ ತೋರಿಸುವ ಕಡತಗಳು ಅದರ ಜೊತೆಗೇ ಇವೆ. ಕೋಹಾ-ಟ್ರಾನ್ಸ್‌ಲೇಟ್ ಆದೇಶದಿಂದ ಹಾಕಿಕೊಂಡು, ಪ್ರಿಫರೆನ್ಸ್‌ನಲ್ಲಿ ಓಪ್ಯಾಕ್‌ಗೆ ಕನ್ನಡ ಚಾಲೂ ಮಾಡಿ. ಕೆಲವು ಸಾಲು ಇಂಗ್ಲಿಷ್‌ನಲ್ಲೇ ಕಾಣುತ್ತವೆ, ಕೆಲವು ಅನುವಾದ ಓದಲು ತೊಡಕಾಗಿವೆ. ಇದನ್ನು ತಿದ್ದಲು ಪ್ರೋಗ್ರಾಮಿಂಗ್ ಬೇಡ. ಕೋಹಾ ಸಮುದಾಯದ ವೆಬ್‌ಲೇಟ್ ತಾಣದಲ್ಲಿ ಖಾತೆ ತೆರೆದು, ಕನ್ನಡ ಆರಿಸಿ, ನಿಮ್ಮ ಕೌಂಟರಿನಲ್ಲಿ ಓದುಗರು ದಿನಾ ನೋಡುವ ಓಪ್ಯಾಕ್ ಪುಟದ ಸಾಲುಗಳಿಂದ ಶುರು ಮಾಡಿ. ನೀವು ತಿದ್ದಿದ ಸಾಲು ಮುಂದಿನ ಆವೃತ್ತಿಗಳಲ್ಲಿ ಕನ್ನಡ ಹಾಕಿಕೊಂಡ ಎಲ್ಲ ಗ್ರಂಥಾಲಯಗಳಿಗೂ ತಲುಪುತ್ತದೆ.